ಗೋಷಾ ಆಸ್ಪತ್ರೆಯಿಂದ 'ಕ್ಯಾಮೆರಾ ಆಫ್'ವರೆಗೆ: ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಮಾತು

ಮೆಟ್ರೋದಲ್ಲಿ ನಿಂತುಕೊಂಡೋ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಲೋ, ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೋ ಇದನ್ನ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ಕಥೆ ಶಿವಾಜಿನಗರದ ಒಂದು ಹೆರಿಗೆ ಆಸ್ಪತ್ರೆಯಿಂದ ಶುರುವಾಗುತ್ತೆ. ವಿಷಯ ಮಾತ್ರ ಹೆರಿಗೆ ಅಲ್ಲ, ಕ್ಯಾನ್ಸರ್. ಅದರಲ್ಲೂ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ದಿನಗಳು. ಆ ದಿನಗಳಲ್ಲಿ ಜನ ಯಾರ ಹತ್ತಿರ ಮಾತಾಡ್ತಾರೆ, ಎಲ್ಲಿ ಕೂತು ಮಾತಾಡ್ತಾರೆ, ಫೋನಲ್ಲಿ ಮಾತಾಡೋದಾದರೆ ಆ ಫೋನ್ ಯಾರದ್ದು? ಇಷ್ಟೇ ಪ್ರಶ್ನೆ.

ಬೌರಿಂಗ್ ಆಸ್ಪತ್ರೆ ನಿಮಗೆ ಗೊತ್ತಿರುತ್ತೆ. 1860ರ ದಶಕದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಅದೇ ಶಿವಾಜಿನಗರದಲ್ಲಿ ಇನ್ನೊಂದು ಆಸ್ಪತ್ರೆ ಇದೆ. ಬೋರ್ಡ್ ಮೇಲೆ ಎಚ್‌ಎಸ್‌ಐಎಸ್ ಗೋಷಾ ಆಸ್ಪತ್ರೆ ಅಂತಿರುತ್ತೆ. ಎಚ್‌ಎಸ್‌ಐಎಸ್ ಅಂದರೆ ಹಾಜಿ ಸರ್ ಇಸ್ಮಾಯಿಲ್ ಸೇಠ್. ದಂಡು ಪ್ರದೇಶದ ದೊಡ್ಡ ವ್ಯಾಪಾರಿ. ಫ್ರೇಜರ್ ಟೌನ್‌ನ ಮಾಸ್ಕ್ ರೋಡ್‌ಗೆ ಆ ಹೆಸರು ತಂದ ಮಸೀದಿಯೂ ಅವರದೇ ಹೆಸರಿನದು. ಇನ್ನು 'ಗೋಷಾ' ಅನ್ನೋ ಪದ. ಪರ್ಷಿಯನ್ ಭಾಷೆಯಲ್ಲಿ ಗೋಶಾ ಅಂದರೆ ಮೂಲೆ. ಮೂಲೆಯಲ್ಲಿ, ಮರೆಯಲ್ಲಿ ಇರುವ ಹೆಂಗಸರು ಅಂದರೆ ಗೋಷಾ ಹೆಂಗಸರು. ಗಂಡಸರ ಕಣ್ಣಿಗೆ ಬೀಳಬಾರದು ಅಂತ ಆಸ್ಪತ್ರೆಗೇ ಬಾರದೆ ಇದ್ದವರಿಗಾಗಿ 1920ರ ದಶಕದಲ್ಲಿ ಕಟ್ಟಿದ್ದು ಇದು. ಮದ್ರಾಸಿನಲ್ಲಿ ಇದಕ್ಕೂ ಮುಂಚೆ, 1885ರಲ್ಲೇ, ಇಂಥದ್ದೊಂದು ಶುರುವಾಗಿತ್ತು.

ಪರದೆ ಪದ್ಧತಿ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ, ಅದನ್ನ ಇನ್ನೊಂದು ದಿನ ಮಾಡೋಣ. ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಬೇರೆ ಸಂಗತಿ. ಚಿಕಿತ್ಸೆ ಇದೆ, ಡಾಕ್ಟರ್ ಇದ್ದಾರೆ, ಆದರೂ ಹೆಂಗಸರು ಬರ್ತಿಲ್ಲ. ಅಲ್ಲಿ ಕೊರತೆ ಇದ್ದದ್ದು ಔಷಧಿಯದಲ್ಲ, ಮರೆಯದು. ಅದನ್ನ ಅರ್ಥ ಮಾಡಿಕೊಂಡ ಯಾರೋ ಮರೆಯನ್ನೇ ಕಟ್ಟಡವಾಗಿ ಕಟ್ಟಿಬಿಟ್ಟರು. ನೂರು ವರ್ಷ ಆದ ಮೇಲೆ, ಅದೇ ಪೂರ್ವ ಬೆಂಗಳೂರಿನಲ್ಲಿ, ಜೂಮ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರೋ ಹೆಂಗಸರಿಗೆ ಬೇಕಾಗಿರೋದೂ ಅದೇ ಮರೆ.

ಮೊದಲು ಒಂದು ಪದದ ವಿಷಯ ಹೇಳಿಬಿಡ್ತೀನಿ. ಕ್ಯಾನ್ಸರ್‌ಗೆ ಕನ್ನಡದಲ್ಲಿ ಅರ್ಬುದ ಅಂತಾರೆ, ಹಳೆಯ ಪುಸ್ತಕಗಳಲ್ಲಿ ಏಡಿಗಂತಿ ಅಂತಲೂ ಇದೆ. ಕ್ಯಾನ್ಸರ್ ಅನ್ನೋ ಮೂಲ ಪದಕ್ಕೂ ಏಡಿ ಅಂತಲೇ ಅರ್ಥ, ಅದರ ಅನುವಾದ ಅದು. ಆದರೆ ಮನೆಗಳಲ್ಲಿ ಯಾರು ಏಡಿಗಂತಿ ಅಂತಾರೆ? 'ಗಡ್ಡೆ ಆಗಿತ್ತು, ತೆಗೆದ್ರು' ಅಂತಾರೆ. 'ಆ ಖಾಯಿಲೆ' ಅಂತಾರೆ. ನೆರೆಮನೆಯವರಿಗೆ 'ಗರ್ಭಕೋಶದ ತೊಂದ್ರೆ' ಅಂತ ಹೇಳಿರ್ತಾರೆ. ಇದು ನಮ್ಮ ಊರಿನ ಸಂಕೋಚ ಮಾತ್ರ ಅಂದುಕೊಳ್ಳಬೇಡಿ. 1950ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಫ್ಯಾನಿ ರೋಸೆನೋ ಅನ್ನೋ ಮಹಿಳೆ ಸ್ತನ ಕ್ಯಾನ್ಸರ್ ಆದವರ ಸಭೆ ಬಗ್ಗೆ ಒಂದು ಜಾಹೀರಾತು ಕೊಡೋಕೆ ನ್ಯೂಯಾರ್ಕ್ ಟೈಮ್ಸ್‌ಗೆ ಫೋನ್ ಮಾಡಿದರು. ಸ್ತನ ಅನ್ನೋ ಪದವನ್ನೂ ಕ್ಯಾನ್ಸರ್ ಅನ್ನೋ ಪದವನ್ನೂ ನಾವು ಛಾಪಿಸಲ್ಲ, ಬೇಕಾದರೆ ಎದೆಗೂಡಿನ ರೋಗಗಳ ಸಭೆ ಅಂತ ಹಾಕ್ತೀವಿ ಅಂದರಂತೆ ಪತ್ರಿಕೆಯವರು. ಆ ಕಡೆ ಫೋನ್ ಇಟ್ಟುಬಿಟ್ಟರು ಆಕೆ.

ಅದೇ ಊರಿನಲ್ಲಿ 1952ರಲ್ಲಿ ಟೆರೀಸ್ ಲ್ಯಾಸರ್ ಅನ್ನೋ ಇನ್ನೊಬ್ಬ ಮಹಿಳೆಗೆ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ಆಯ್ತು. ಆಮೇಲೆ ಕೈ ಎತ್ತೋದು ಹೇಗೆ, ರವಿಕೆ ಹಾಕೋದು ಹೇಗೆ, ಗಂಡನಿಗೆ ಏನು ಹೇಳೋದು, ಯಾರೂ ಹೇಳಿಕೊಡಲಿಲ್ಲ. ಆಕೆಯೇ ಒಂದು ಚೀಲ ರೆಡಿ ಮಾಡಿಕೊಂಡು ಬೇರೆ ರೋಗಿಗಳ ಕೋಣೆಗೆ ಹೋಗೋಕೆ ಶುರು ಮಾಡಿದರು. ಚೀಲದಲ್ಲಿ ಕೈ ವ್ಯಾಯಾಮಕ್ಕೆ ಒಂದು ರಬ್ಬರ್ ಚೆಂಡು, ಒಂದಿಷ್ಟು ಹಗ್ಗ, ಬಟ್ಟೆಯೊಳಗೆ ಇಟ್ಟುಕೊಳ್ಳೋ ತಾತ್ಕಾಲಿಕ ಕೃತಕ ಸ್ತನ. ಕೆಲವು ಡಾಕ್ಟರ್‌ಗಳಿಗೆ ಸಿಟ್ಟು ಬಂತು, ಕೆಲವು ಆಸ್ಪತ್ರೆಗಳು ಬರಬೇಡಿ ಅಂದವು. ಕೊನೆಗೆ 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೇ 'ರೀಚ್ ಟು ರಿಕವರಿ' ಅನ್ನೋ ಆ ಕೆಲಸವನ್ನ ತನ್ನದಾಗಿ ಮಾಡಿಕೊಳ್ತು. ಇವತ್ತಿನ ಎಲ್ಲ ಸಪೋರ್ಟ್ ಗ್ರೂಪ್‌ಗಳ ಅಜ್ಜಿ ಅಂದರೆ ಆ ಚೀಲ.

ಕನ್ನಡದಲ್ಲಿ ಈ ಮೌನ ಮುರಿದವರು ಯಾರು ಅಂತ ಕೇಳಿದರೆ ನಾನು ಮೊದಲು ಡಾ. ಅನುಪಮಾ ನಿರಂಜನ ಅವರ ಹೆಸರು ಹೇಳ್ತೀನಿ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ವೈದ್ಯೆ, ಕಾದಂಬರಿಗಾರ್ತಿ. 'ವಧುವಿಗೆ ಕಿವಿಮಾತು' ಪುಸ್ತಕ ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆ ಉಡುಗೊರೆ ಆಗಿತ್ತು. ಎಷ್ಟೋ ಮನೆಗಳ ಬೀರುವಿನಲ್ಲಿ ಸೀರೆ ಕೆಳಗೆ ಈಗಲೂ ಸಿಗಬಹುದು, ಹುಡುಕಿ ನೋಡಿ. ಅವರು 'ಕ್ಯಾನ್ಸರ್ ಜಗತ್ತು' ಅಂತಲೂ ಒಂದು ಪುಸ್ತಕ ಬರೆದರು. ರೋಗದ ಹೆಸರನ್ನ ಪಿಸುಗುಟ್ಟೋ ಕಾಲದಲ್ಲಿ ಮುಖಪುಟದ ಮೇಲೇ ಹಾಕಿದರು. 1991ರಲ್ಲಿ ಅವರು ತೀರಿಕೊಂಡದ್ದೂ ಕ್ಯಾನ್ಸರ್‌ನಿಂದಲೇ. ನಮ್ಮ ಕಾಲಕ್ಕೆ ಬಂದರೆ ಬಿ.ವಿ. ಭಾರತಿ ಅವರ 'ಸಾಸಿವೆ ತಂದವಳು' ಇದೆ. ಸ್ತನ ಕ್ಯಾನ್ಸರ್ ಜೊತೆಗಿನ ಅವರದೇ ಅನುಭವ ಕಥನ. ಸಾವಿಲ್ಲದ ಮನೆಯ ಸಾಸಿವೆ ತಾ ಅಂತ ಬುದ್ಧ ಹೇಳಿದ ಕಥೆ ಗೊತ್ತಲ್ಲ, ಇಲ್ಲಿ ಆಕೆ ಸಾಸಿವೆ ತಂದೇಬಿಟ್ಟಿದ್ದಾಳೆ. ಅಂಥ ಪುಸ್ತಕವನ್ನ ಒಬ್ಬರು ಓದಿ ಇನ್ನೊಬ್ಬರಿಗೆ ದಾಟಿಸ್ತಾರೆ. ಕವರ್ ಹಾಕಿಕೊಂಡು ಯಾರಿಗೂ ಗೊತ್ತಾಗದ ಹಾಗೆ ಓದಬಹುದು. ಇಂಟರ್ನೆಟ್ ಇಲ್ಲದ ಕಾಲದ ಆನ್‌ಲೈನ್ ಗ್ರೂಪ್ ಅದು ಅಂತ ನನಗನ್ನಿಸುತ್ತೆ.

ಈಗ ಸ್ವಲ್ಪ ಲೆಕ್ಕ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಎಲ್ಲದರಲ್ಲೂ ಲೆಡ್ಜರ್ ಕಾಣುತ್ತೆ, ಸಹಿಸಿಕೊಳ್ಳಿ. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಶುರುವಾಗಿದ್ದು 1973ರಲ್ಲಿ. ಐಸಿಎಂಆರ್ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನ ಶುರು ಮಾಡಿದಾಗ, ಇಡೀ ಊರಿನ ಜನಸಂಖ್ಯೆ ಲೆಕ್ಕಕ್ಕೆ ತಗೊಂಡು ಕ್ಯಾನ್ಸರ್ ದಾಖಲೆ ಇಡೋಕೆ ಆರಿಸಿಕೊಂಡ ಮೊದಲ ಮೂರು ಊರುಗಳು ಮುಂಬೈ, ಚೆನ್ನೈ ಮತ್ತು ಬೆಂಗಳೂರು. 1982ರಿಂದ ನಮ್ಮ ಊರಿನ ಲೆಕ್ಕ ಇದೆ, ಅದನ್ನ ಇಟ್ಟಿದ್ದು ಕಿದ್ವಾಯಿ. ಬೆಂಗಳೂರಿನ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ ಅಂತ ಇವತ್ತು ಖಚಿತವಾಗಿ ಹೇಳೋಕೆ ಆಗೋದು ಇದರಿಂದಲೇ. ದೊಡ್ಡ ಕೆಲಸ ಅದು, ಎರಡು ಮಾತಿಲ್ಲ.

ಆದರೆ ಅಂಥ ಪುಸ್ತಕದ ಮುಖ್ಯ ಕಾಲಂ ಎರಡು. ಈ ವರ್ಷ ಹೊಸದಾಗಿ ರೋಗ ಬಂದವರು ಎಷ್ಟು, ತೀರಿಕೊಂಡವರು ಎಷ್ಟು. ಜಮಾ, ಖರ್ಚು. ನಡುವೆ ಉಳಿದ ಬ್ಯಾಲೆನ್ಸ್ ಇದೆಯಲ್ಲ, ಅದು ಮನುಷ್ಯರು. ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿರೋರು. ಕೈಯಲ್ಲಿ ಬಾವು ಇದ್ದರೂ ಚೀಲ ಹೊತ್ತಿರೋರು. ಮೂವತ್ತೈದಕ್ಕೇ ಮುಟ್ಟು ನಿಂತು ರಾತ್ರಿಯೆಲ್ಲ ಬೆವರೋರು. ಚೆಕಪ್ ತಾರೀಖು ಹತ್ತಿರ ಬಂದ ಹಾಗೆ ನಿದ್ದೆ ಕಳೆದುಕೊಳ್ಳೋರು. ಅಮೆರಿಕದ ಫಿಟ್ಜ್‌ಹ್ಯೂ ಮುಲ್ಲನ್ ಅನ್ನೋ ಡಾಕ್ಟರ್‌ಗೆ ಮೂವತ್ತೆರಡನೇ ವಯಸ್ಸಿನಲ್ಲಿ ಕ್ಯಾನ್ಸರ್ ಬಂತು, ಬದುಕಿದರು. 1985ರಲ್ಲಿ ಅವರು ಬರೆದ ಒಂದು ಲೇಖನದ ಸಾರ ಇಷ್ಟು: ಮುಳುಗ್ತಿರೋರನ್ನ ನೀರಿಂದ ಎತ್ತೋ ವಿದ್ಯೆ ನಾವು ಚೆನ್ನಾಗಿ ಕಲಿತಿದ್ದೀವಿ, ಎತ್ತಿ ದಡದ ಮೇಲೆ ಹಾಕಿ ಕೆಮ್ಮೋಕೆ ಬಿಟ್ಟು ಹೋಗಿಬಿಡ್ತೀವಿ. ಅದರ ಮರುವರ್ಷವೇ ಅವರೂ ಗೆಳೆಯರೂ ಸೇರಿ ಚಿಕಿತ್ಸೆ ಮುಗಿಸಿದವರದೇ ಒಂದು ಒಕ್ಕೂಟ ಕಟ್ಟಿದರು. ಭಾರತದಲ್ಲಿ ಈ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ದೆಹಲಿಯ ಹರ್ಮಲಾ ಗುಪ್ತಾ ಒಬ್ಬರು. ಕೆನಡಾದಲ್ಲಿ ಓದ್ತಿದ್ದಾಗ ಅವರಿಗೇ ಕ್ಯಾನ್ಸರ್ ಆಗಿತ್ತು. ವಾಪಸ್ ಬಂದು 1991ರಲ್ಲಿ 'ಕ್ಯಾನ್ಸರ್ ಸಹಯೋಗ್' ಶುರು ಮಾಡಿದರು.

ಇವರನ್ನ ಏನಂತ ಕರೀಬೇಕು ಅನ್ನೋದೇ ಒಂದು ಸಮಸ್ಯೆ. ನಮ್ಮ ಪೇಪರ್, ಟಿವಿ ಎಲ್ಲದರಲ್ಲೂ 'ಕ್ಯಾನ್ಸರ್ ಗೆದ್ದವರು'. ಯುವರಾಜ್ ಸಿಂಗ್ ನೆನಪಿದೆಯಾ? 2011ರ ವಿಶ್ವಕಪ್‌ನ ಸರಣಿ ಶ್ರೇಷ್ಠ, 2012ರಲ್ಲಿ ಅಮೆರಿಕದಲ್ಲಿ ಕೀಮೋ, ಆಮೇಲೆ ನಮ್ಮದೇ ಚಿನ್ನಸ್ವಾಮಿ ಸ್ಟೇಡಿಯಂನ ಎನ್‌ಸಿಎಗೆ ಬಂದು ಮೈ ಪಳಗಿಸಿಕೊಂಡು, ಅದೇ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಭಾರತದ ಪರ ಮತ್ತೆ ಆಡಿದರು. ಅದು ಗೆಲುವು, ಒಪ್ಪೋಣ. ಆದರೆ ಸ್ತನ ಕ್ಯಾನ್ಸರ್ ಆದ ಎಷ್ಟೋ ಮಂದಿ ಟ್ಯಾಮಾಕ್ಸಿಫೆನ್ ಅನ್ನೋ ಮಾತ್ರೆಯನ್ನ ಐದು ವರ್ಷ ದಿನಾ ತಗೋಬೇಕು. ಐದಲ್ಲ, ಹತ್ತು ವರ್ಷ ತಗೊಂಡರೆ ಇನ್ನೂ ಒಳ್ಳೇದು ಅಂತ 2012ರ ಕೊನೆಯಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ಹತ್ತು ವರ್ಷ ಮಾತ್ರೆ ನುಂಗ್ತಾ ಇರೋರು ಗೆದ್ದಿದ್ದಾರಾ, ಆಡ್ತಾನೇ ಇದ್ದಾರಾ? ಕೆಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಕೊನೇ ದಿನ ಗಂಟೆ ಬಾರಿಸೋ ಪದ್ಧತಿ ಇದೆ. 1996ರಲ್ಲಿ ಅಮೆರಿಕದ ಒಬ್ಬ ನೌಕಾಪಡೆ ಅಧಿಕಾರಿ ಶುರು ಮಾಡಿದ್ದು. ಫೋಟೋ ಚೆನ್ನಾಗಿ ಬರುತ್ತೆ. ಗಂಟೆ ಬಾರಿಸಿ ಮನೆಗೆ ಬಂದ ಮೇಲೆ ಡಾಕ್ಟರ್ ಭೇಟಿ ಮೂರು ತಿಂಗಳಿಗೊಮ್ಮೆ. ಅಲ್ಲಿವರೆಗೆ ವಾರ ವಾರ ನೋಡ್ತಿದ್ದ ನರ್ಸ್ ಇಲ್ಲ, ಪಕ್ಕದ ಬೆಡ್ಡಿನ ಗೆಳತಿ ಇಲ್ಲ. ಮನೆಯವರಿಗೆ ಎಲ್ಲ ಮುಗೀತು. ಇವರಿಗೆ ಮಾತು ಶುರುವಾಗೋದೇ ಆವಾಗ.

ಮಾತಿಗೆ ಬೇಕಾಗಿದ್ದು ತಂತಿ. ಇಲ್ಲಿ ಕಥೆ ಮತ್ತೆ ನಮ್ಮ ಊರಿಗೆ, ಅದರಲ್ಲೂ ಪೂರ್ವಕ್ಕೆ ಬರುತ್ತೆ.

ಬೆಂಗಳೂರಿನಲ್ಲಿ ಟೆಲಿಫೋನ್ ತಂತಿಗೂ ರೋಗಕ್ಕೂ ಹಳೇ ನಂಟು. 1898ರಲ್ಲಿ ಪ್ಲೇಗ್ ಬಂದಾಗ, ಪ್ಲೇಗ್ ತಡೆಯೋ ಕೆಲಸಗಳನ್ನ ಒಂದಕ್ಕೊಂದು ಹೊಂದಿಸೋಕೆ ಇಲ್ಲಿ ಟೆಲಿಫೋನ್ ಲೈನ್ ಹಾಕಿದರು. ಐವತ್ತು ವರ್ಷ ಬಿಟ್ಟು, 1948ರಲ್ಲಿ, ಕೆ.ಆರ್. ಪುರದ ಹತ್ತಿರ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಂತು. ಊರಿಗೇ ದೂರವಾಣಿನಗರ ಅಂತ ಹೆಸರಾಯ್ತು. ದೇಶದ ಮನೆಮನೆಯ ಆ ಭಾರದ ಕಪ್ಪು ಫೋನ್, ಬೆರಳು ಹಾಕಿ ತಿರುಗಿಸೋ ಡಯಲ್, ಎಲ್ಲ ಅಲ್ಲಿಂದ. ಐಟಿಐ ಶಿಫ್ಟ್ ಬಸ್ ನೋಡಿ ಗಡಿಯಾರ ಸರಿ ಮಾಡಿಕೊಳ್ತಿದ್ವಿ ಅನ್ನೋ ಅಂಕಲ್‌ಗಳು ಇವತ್ತೂ ಸಿಗ್ತಾರೆ. ತಮಾಷೆ ಅಂದರೆ, ಫೋನ್ ತಯಾರಾಗ್ತಿದ್ದ ಊರಲ್ಲೇ ಮನೆಗೆ ಕನೆಕ್ಷನ್ ಬೇಕಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಫೋನ್ ಬಂದರೂ ಅದು ಹಾಲ್‌ನಲ್ಲಿ, ಎಲ್ಲರ ಮಧ್ಯೆ, ಕ್ರೋಶಾ ಹೊದಿಕೆ ಹಾಕಿಸಿಕೊಂಡು ಕೂತಿರ್ತಿತ್ತು. ಅಲ್ಲಿ ಕೂತು ಯಾರು ತಾನೇ ತನ್ನ ಎದೆಯ ಗಾಯದ ಬಗ್ಗೆ ಮಾತಾಡ್ತಾರೆ? ಎಸ್‌ಟಿಡಿ ಬೂತ್ ಬಂದಾಗ ಗಾಜಿನ ಬಾಗಿಲಿನ ಒಂದು ಮೂಲೆ ಸಿಕ್ಕಿತು, ಅದೂ ಮೀಟರ್ ಓಡೋವರೆಗೆ.

1994ಕ್ಕೆ ಬನ್ನಿ. ಆ ವರ್ಷ ಎರಡು ಕೆಲಸ ಆದವು, ಒಂದಕ್ಕೊಂದು ಸಂಬಂಧ ಇಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಒಂದು ಯೂನಿವರ್ಸಿಟಿಯ ಕಂಪ್ಯೂಟರ್‌ನಲ್ಲಿ ಸ್ತನ ಕ್ಯಾನ್ಸರ್ ಆದವರಿಗಾಗಿ ಒಂದು ಈಮೇಲ್ ಬಳಗ ಶುರುವಾಯ್ತು. ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತೆ, ಅಷ್ಟೇ. ಮರುವರ್ಷ ನ್ಯೂಯಾರ್ಕಿನ ಜಿಲ್ ಫ್ರೀಡ್‌ಮನ್ ಅನ್ನೋರ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಆತ ಈ ಬಳಗಕ್ಕೆ ಬಂದರು. ತಮಗೆ ಹೇಳಿದ್ದಷ್ಟು ಚಿಕಿತ್ಸೆ ಬೇಕಿಲ್ಲದೆ ಇರಬಹುದು ಅಂತ ಅಲ್ಲಿ ತಿಳೀತು, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ತಗೊಂಡರು. ಆಮೇಲೆ ಆತ ಬೇರೆ ಬೇರೆ ಕ್ಯಾನ್ಸರ್‌ಗಳಿಗೆ ಇಂಥ ಬಳಗಗಳ ದೊಡ್ಡ ಜಾಲವನ್ನೇ ಕಟ್ಟಿದರು.

ಅದೇ 1994ರಲ್ಲಿ ಇಲ್ಲಿ ಇಂದಿರಾನಗರದ ರೋಟರಿ ಕ್ಲಬ್ಬಿನವರೂ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯವರೂ ಸೇರಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಅಂತ ಮಾಡಿದರು. ನಾವು ಅದನ್ನ ಕರುಣಾಶ್ರಯ ಅಂತ ಕರೀತೀವಿ. ಕಟ್ಟಡ ಬರೋ ಮುಂಚೆಯೇ, 1995ರಲ್ಲಿ, ಅವರ ತಂಡ ಮನೆಮನೆಗೆ ಹೋಗಿ ಕ್ಯಾನ್ಸರ್ ಮುಂದುವರಿದ ರೋಗಿಗಳ ನೋವು ನೋಡಿಕೊಳ್ಳೋಕೆ ಶುರು ಮಾಡಿತು. 1999ರಲ್ಲಿ ಮಾರತಹಳ್ಳಿ ಆಚೆ ವರ್ತೂರು ರಸ್ತೆಯಲ್ಲಿ ಆಶ್ರಯಧಾಮ ತೆರೀತು. ಸ್ಥಾಪಕರಲ್ಲಿ ಒಬ್ಬರಾದ ಕಿಶೋರ್ ರಾವ್ ಅದನ್ನ ನಡೆಸಿಕೊಂಡು ಬಂದರು, ವಾಸ್ತುಶಿಲ್ಪಿ ಸಂಜಯ್ ಮೋಹೆ ವಿನ್ಯಾಸ ಮಾಡಿದರು. ಕಲ್ಲು, ನೀರು, ಅಂಗಳ ಇರೋ ಜಾಗ. ರೋಗಿಯಿಂದ ಒಂದು ರೂಪಾಯಿ ತಗೊಳ್ಳಲ್ಲ.

ನನಗೆ ಇಲ್ಲಿ ಒಂದು ಯೋಚನೆ ಬರುತ್ತೆ. ವಾಸಿಯಾಗದವರಿಗೆ ನಮ್ಮ ಪೂರ್ವ ಬೆಂಗಳೂರು ಒಂದು ಮನೆ ಕಟ್ಟಿತು. ಬಹಳ ಚೆನ್ನಾಗಿಯೇ ಕಟ್ಟಿತು. ಹೆರಿಗೆಗೆ ಗೋಷಾ ಕಟ್ಟಿತ್ತು. ನಡುವೆ, ವಾಸಿಯಾಗಿ ಮನೆಗೆ ಹೋದವರಿಗೆ ಅಂತ ಇಟ್ಟಿಗೆ-ಗಾರೆಯ ಜಾಗ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರ ಪಾಲಿಗೆ ಬಂದದ್ದು ಫೋನ್.

ಮಾತಿನಿಂದ ಏನಾಗುತ್ತೆ ಅಂತ ಕೇಳೋರು ಇದ್ದಾರೆ, ಕೇಳಲಿ. 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗೆಲ್ ಒಂದು ಅಧ್ಯಯನ ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಬೇರೆ ಕಡೆಗೂ ಹರಡಿದ್ದ ಮಹಿಳೆಯರು ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮಾತಾಡಿದರೆ, ಮಾತಾಡದವರಿಗಿಂತ ಹೆಚ್ಚು ದಿನ ಬದುಕಿದರು ಅಂತ. ಜಗತ್ತು ಕುಣಿದಾಡಿತು. 2001ರಲ್ಲಿ ಕೆನಡಾದಲ್ಲಿ ಇನ್ನೂ ದೊಡ್ಡದಾಗಿ ಅದನ್ನೇ ಮಾಡಿ ನೋಡಿದಾಗ ಆಯಸ್ಸು ಹೆಚ್ಚಲಿಲ್ಲ. ಆದರೆ ಮನಸ್ಸಿನ ಭಾರ ಇಳೀತು, ನೋವಿನ ಅನುಭವ ಕಮ್ಮಿ ಆಯ್ತು, ಅದರಲ್ಲೂ ಶುರುವಿನಲ್ಲಿ ಹೆಚ್ಚು ಸಂಕಟದಲ್ಲಿದ್ದವರಿಗೆ. ಹಾಗಾಗಿ 'ಪಾಸಿಟಿವ್ ಆಗಿದ್ದರೆ ಕ್ಯಾನ್ಸರ್ ಹೋಗುತ್ತೆ' ಅನ್ನೋ ಫಾರ್ವರ್ಡ್ ಬಂದರೆ ಡಿಲೀಟ್ ಮಾಡಿ. ಅದು ಸುಳ್ಳು ಮಾತ್ರ ಅಲ್ಲ, ಕ್ರೌರ್ಯ ಕೂಡ. ರೋಗ ಮರುಕಳಿಸಿದವಳಿಗೆ 'ನೀನು ಸರಿಯಾಗಿ ನಗಲಿಲ್ಲ' ಅಂತ ಹೇಳಿದ ಹಾಗೆ.

ವಾಟ್ಸ್‌ಆ್ಯಪ್ ಗ್ರೂಪ್‌ಗಳ ದೊಡ್ಡ ರೋಗವೂ ಇದೇ. ಲಕ್ಷ್ಮಣ ಫಲ ತಿಂದರೆ ಕೀಮೋನೇ ಬೇಡ, ಸೋಡಾಪುಡಿ ಕುಡಿದರೆ ಗಡ್ಡೆ ಕರಗುತ್ತೆ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಸಾಯುತ್ತೆ ಅಂತ ಇನ್ನೊಂದು. ನೋಡಿಕೊಳ್ಳೋರು ಯಾರೂ ಇಲ್ಲದ ಗ್ರೂಪ್ ಎರಡು ವಾರದಲ್ಲಿ ಹಣ್ಣಿನ ಅಂಗಡಿ ಆಗಿಬಿಡುತ್ತೆ. ಗ್ರೂಪ್ ಅಂದಮಾತ್ರಕ್ಕೆ ಕಾರ್ಯಕ್ರಮ ಅಲ್ಲ. ಕಾರ್ಯಕ್ರಮ ಅಂದರೆ ಒಂದು ನಿಗದಿತ ಗಂಟೆ ಇರುತ್ತೆ, ತರಬೇತಿ ಇರೋ ಒಬ್ಬರು ಕೂತಿರ್ತಾರೆ, ಇವತ್ತು ಕೈ ಬಾವು, ಮುಂದಿನ ವಾರ ಮರುಕಳಿಸೋ ಭಯ, ಅದರ ಮುಂದಿನ ವಾರ ಕೆಲಸಕ್ಕೆ ವಾಪಸ್ ಹೋಗೋದು ಅಂತ ಒಂದು ದಾರಿ ಇರುತ್ತೆ. ನಮ್ಮೂರಿನಲ್ಲಿ ಯೋಗದ ವಿಷಯದಲ್ಲಿ ಈ ಥರ ಶಿಸ್ತಿನ ಕೆಲಸ ಆಗಿದೆ. ಎಸ್-ವ್ಯಾಸ ಸಂಸ್ಥೆಯವರು ಬೆಂಗಳೂರಿನ ಕ್ಯಾನ್ಸರ್ ಡಾಕ್ಟರ್‌ಗಳ ಜೊತೆ ಸೇರಿ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯ್ತು, ಯೋಗ ಮಾಡಿದವರಲ್ಲಿ ಆತಂಕ ಕಮ್ಮಿ ಆಗಿತ್ತು. ರೋಗ ಹೋಗುತ್ತೆ ಅಂತ ಅವರು ಹೇಳಲಿಲ್ಲ ಅನ್ನೋದನ್ನ ಗಮನಿಸಿ.

ಆಮೇಲೆ 2020. ಮಾರ್ಚ್ 25, ದೇಶ ಬಂದ್ ಆದ ದಿನವೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅಲ್ಲಿವರೆಗೆ 'ಫೋನಲ್ಲಿ ಡಾಕ್ಟರ್' ಅನ್ನೋದಕ್ಕೆ ಸ್ಪಷ್ಟ ನಿಯಮ ಇರಲಿಲ್ಲ. ಆಸ್ಪತ್ರೆಯ ಹಾಲ್‌ನಲ್ಲಿ ಸೇರ್ತಿದ್ದ ಗುಂಪುಗಳು ಜೂಮ್‌ಗೆ ಬಂದವು. ವಾಪಸ್ ಹೋಗಲಿಲ್ಲ. ಯಾಕೆ ಹೋಗ್ತಾರೆ? ಕೆ.ಆರ್. ಪುರದಿಂದ ಹೊಸೂರು ರಸ್ತೆಗೆ ಎರಡು ಬಸ್ ಬದಲಿಸಿ, ಬಾವು ಬಂದ ಕೈಯಲ್ಲಿ ಕಂಬಿ ಹಿಡಿದು ಬರೋದಕ್ಕಿಂತ ಮನೇಲಿ ಕೂರೋದು ಒಳ್ಳೇದು. ಮನೇಲಿ ಕೂರೋಕೆ ಜಾಗ ಇದ್ದರೆ.

ಹಲಸೂರು ಕಡೆಯ ಒಬ್ಬ ಆಂಟಿ ನನಗೆ ಗೊತ್ತು. ಹೆಸರು ಬೇಡ ಅಂದಿದ್ದಾರೆ, ಕಥೆ ಹೇಳು ಅಂದಿದ್ದಾರೆ. ಮನೇಲಿ ತಮಿಳು, ಹೊರಗೆ ಕನ್ನಡ, ಶಿವಾಜಿನಗರದ ಅಂಗಡಿಯಲ್ಲಿ ದಖ್ಖನಿ ಉರ್ದು. ದಂಡಿನ ಜನ ಹಾಗೇ ಅಲ್ವಾ. ಒಂದು ಆಸ್ಪತ್ರೆಯವರು ಅವರನ್ನ ಶನಿವಾರ ಸಂಜೆಯ ಆನ್‌ಲೈನ್ ಗುಂಪಿಗೆ ಸೇರಿಸಿದರು. ಸ್ಮಾರ್ಟ್‌ಫೋನ್ ಮಗನದು, ಅವನು ಡಿಗ್ರಿ ಓದ್ತಾನೆ. ಒಂದೂವರೆ ರೂಮಿನ ಮನೆ, ಹಾಗಾಗಿ ಆಂಟಿ ಟೆರೇಸ್‌ಗೆ ಹೋಗಿ ನೀರಿನ ಟ್ಯಾಂಕ್ ಪಕ್ಕ ಕೂರ್ತಿದ್ದರು. ಮೊದಲ ವಾರ ಇಂಗ್ಲಿಷ್‌ನಲ್ಲಿ ಮಾತಾಡಿದರು, ಅರ್ಧ ಅರ್ಥ ಆಯ್ತು. ಎರಡನೇ ವಾರ ಒಬ್ಬರು ಕನ್ನಡದಲ್ಲಿ ಕೇಳಿದರು: 'ಅಕ್ಕಾ, ನಿಮಗೂ ಸ್ನಾನ ಮಾಡುವಾಗ ಕನ್ನಡಿ ನೋಡೋಕೆ ಆಗಲ್ವಾ?' ಆಂಟಿ ಕ್ಯಾಮೆರಾ ಆಫ್ ಮಾಡಿಕೊಂಡು ಅತ್ತರಂತೆ. 'ಯಾರಿಗೂ ಕಾಣಲಿಲ್ಲಪ್ಪಾ, ಆರಾಮಾಗಿ ಅತ್ತೆ' ಅಂದರು ನನಗೆ. ಆ ಆರಾಮು ಅನ್ನೋ ಪದ ನನ್ನ ತಲೆಯಿಂದ ಹೋಗಲ್ಲ. ಮೂರನೇ ವಾರ ಮಾತಿನ ಮಧ್ಯೆ ಮಗನ ಗೆಳೆಯನ ಕಾಲ್ ಬಂತು. ನಾಲ್ಕನೇ ವಾರ ಗ್ರೂಪ್‌ನಲ್ಲಿ ಯಾರೋ ಬ್ರಾ ಒಳಗೆ ಇಡೋ ಪ್ಯಾಡ್‌ನ ಫೋಟೋ ಹಾಕಿದರು, ಅದನ್ನ ಮೊದಲು ನೋಡಿದ್ದು ಮಗ. ಅವನು ಏನೂ ಅನ್ನಲಿಲ್ಲ, ಒಳ್ಳೇ ಹುಡುಗ. ಆಂಟಿಯೇ ಗ್ರೂಪ್ ಬಿಟ್ಟರು.

ಇದು ಒಬ್ಬರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತಾವೇ ಬಳಸೋ ಮೊಬೈಲ್ ಇರೋ ಮಹಿಳೆಯರು 100ಕ್ಕೆ ಸುಮಾರು 54. ಸ್ಮಾರ್ಟ್‌ಫೋನ್ ಅಲ್ಲ, ಯಾವುದೋ ಒಂದು ಮೊಬೈಲ್. ಹೆಂಗಸರಿಗೆ ಇದೆಲ್ಲ ಬಳಸೋಕೆ ಬರಲ್ಲ ಅನ್ನೋರಿಗೆ ಒಂದು ಉತ್ತರ ಇಟ್ಟುಕೊಳ್ಳಿ. ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಡೇವಿಡ್ ಗುಸ್ಟಾಫ್‌ಸನ್ ತಂಡ, ಇಂಟರ್ನೆಟ್ ಮನೆಗೆ ಬರೋ ಮುಂಚಿನಿಂದ ಈ ಕೆಲಸ ಮಾಡ್ತಾ ಇತ್ತು. ಅವರು ವಿಸ್ಕಾನ್ಸಿನ್ ಮತ್ತು ಡೆಟ್ರಾಯ್ಟ್‌ನ ಕಡಿಮೆ ಆದಾಯದ, ಸ್ತನ ಕ್ಯಾನ್ಸರ್ ಆದ ಮಹಿಳೆಯರಿಗೆ ಕಂಪ್ಯೂಟರ್ ಕೊಟ್ಟು, ಬಳಸೋದು ಹೇಳಿಕೊಟ್ಟು ನೋಡಿದರು. ಅವರು ಚೆನ್ನಾಗಿಯೇ ಬಳಸಿದರು, ಪ್ರಯೋಜನವೂ ಆಯ್ತು. ಕಂಪ್ಯೂಟರ್ ಅವರದೇ ಮನೆಯಲ್ಲಿತ್ತು ಅನ್ನೋದನ್ನ ಮರೀಬೇಡಿ.

ಇನ್ನೊಂದು ಗುಂಪಿನ ಬಗ್ಗೆ ಹೇಳದೆ ಇದ್ದರೆ ತಪ್ಪಾಗುತ್ತೆ. ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರು. ಬಹುಪಾಲು ಗಂಡಸರು, ಬೀಡಿ-ಸಿಗರೇಟಿನ ಇತಿಹಾಸ ಇರೋರು. ಇವರಿಗೆ ಹೆಲ್ಪ್‌ಲೈನ್ ನಂಬರ್ ಕೊಟ್ಟು ಏನು ಪ್ರಯೋಜನ? ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಒಂದು ಪುಟ್ಟ ಸಾಧನ ಮಾಡಿದರು. ಹೆಸರು ಔಮ್ ವಾಯ್ಸ್ ಪ್ರಾಸ್ಥೆಸಿಸ್. ವಿದೇಶದಿಂದ ಬರೋ ಅಂಥ ಸಾಧನಕ್ಕೆ ಹತ್ತಾರು ಸಾವಿರ ರೂಪಾಯಿ ಆಗ್ತಿತ್ತು, ಇದಕ್ಕೆ ಸುಮಾರು 50 ರೂಪಾಯಿ. ಗಂಟಲಿನಲ್ಲಿ ಕೂರಿಸಿದರೆ ಮತ್ತೆ ಮಾತು ಬರುತ್ತೆ. ಮಾತು ಬಂದ ಮೇಲೂ ಆ ಹೊಸ ಧ್ವನಿಯಲ್ಲಿ ಅಪರಿಚಿತರ ಜೊತೆ ಫೋನಲ್ಲಿ ಮಾತಾಡೋಕೆ ಧೈರ್ಯ ಬೇಕು, ಅವರದೇ ಥರದ ಇನ್ನೊಬ್ಬರು ಆ ಕಡೆ ಬೇಕು. ಇವರಿಗೆ ವೀಡಿಯೊ ಕಾಲ್ ವರದಾನ, ತುಟಿ ಕಾಣುತ್ತೆ. ಹಲಸೂರಿನ ಆಂಟಿಗೆ ಕ್ಯಾಮೆರಾ ಆಫ್ ಬೇಕು, ಇವರಿಗೆ ಆನ್ ಬೇಕು. ಒಂದೇ ಅಚ್ಚಿನಲ್ಲಿ ಎಲ್ಲರಿಗೂ ಕಾರ್ಯಕ್ರಮ ಮಾಡೋಕೆ ಆಗಲ್ಲ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ನಮ್ಮ ರಾಜ್ಯದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾಗಿ ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಬಾಗಿಲು ತೆರೆಯಿತು, 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ. ಇವೆಲ್ಲ ಪ್ಯಾಕೇಜ್ ಲೆಕ್ಕದಲ್ಲಿ ನಡೆಯೋವು. ಶಸ್ತ್ರಚಿಕಿತ್ಸೆಗೆ ಇಷ್ಟು, ಕೀಮೋ ಸುತ್ತಿಗೆ ಇಷ್ಟು, ರೇಡಿಯೇಷನ್‌ಗೆ ಇಷ್ಟು. ವಾರಕ್ಕೊಂದು ಗಂಟೆ ಕೂತು ಕೇಳಿಸಿಕೊಳ್ಳೋದನ್ನ ಬಿಲ್ಲಿನಲ್ಲಿ ಯಾವ ಹೆಡ್‌ಗೆ ಹಾಕ್ತೀರಿ? ಹಾಗಾಗಿ ಇದು ಹೆಚ್ಚಾಗಿ ದಾನದ ದುಡ್ಡಲ್ಲಿ, ಸ್ವಯಂಸೇವಕರ ಭಾನುವಾರಗಳಲ್ಲಿ ನಡೆಯುತ್ತೆ. ದಾನ ನಿಂತ ದಿನ ಲಿಂಕ್ ಬರಲ್ಲ. ಇನ್ಶೂರೆನ್ಸ್ ಬಗ್ಗೆ ಕೇಳೋರಿಗೆ ಒಂದು ಸಣ್ಣ ಸಮಾಧಾನ: ಮೊದಲೇ ಇರೋ ಕಾಯಿಲೆಗೆ ಗರಿಷ್ಠ ಕಾಯೋ ಅವಧಿಯನ್ನ ಐಆರ್‌ಡಿಎಐ 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿತು. ಪಾಲಿಸಿ ಕೊಡೋ ಕಂಪನಿ ಸಿಗಬೇಕು, ಅದು ಬೇರೆ ಮಾತು.

ಈಗ ಇರೋದರಲ್ಲಿ ನನಗೆ ಭರವಸೆ ಇರೋದು ಒಂದು ಹಳೇ ಸಾಮಾನಿನ ಮೇಲೆ. ಮಾಮೂಲಿ ಫೋನ್ ಕಾಲ್. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯ್ತು, 14416 ನಂಬರ್. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ತಂತ್ರಜ್ಞಾನದ ಕೆಲಸ ನಮ್ಮ ಐಐಐಟಿ ಬೆಂಗಳೂರಿನದು. ಡೇಟಾ ಬೇಡ, ಸ್ಮಾರ್ಟ್‌ಫೋನ್ ಬೇಡ, ದುಡ್ಡು ಬೇಡ, ಕನ್ನಡದಲ್ಲೂ ಮಾತಾಡಬಹುದು. ಇದು ಕ್ಯಾನ್ಸರ್‌ಗೆ ಅಂತ ಮಾಡಿದ್ದಲ್ಲ, ಮನಸ್ಸಿಗೆ ಸಂಬಂಧಿಸಿದ ಎಲ್ಲಕ್ಕೂ ಇರೋದು. ಆ ಕಡೆ ಇರೋರಿಗೆ ಟ್ಯಾಮಾಕ್ಸಿಫೆನ್ ಬೆವರಿನ ಕಷ್ಟ ಗೊತ್ತಿರಬೇಕು ಅಂತೇನಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಯಾರಾದರೂ ಎತ್ತುತ್ತಾರೆ.

ಹಲಸೂರಿನ ಆಂಟಿಗೆ ಈಗ ಆ ಗುಂಪಿನಲ್ಲಿ ಪರಿಚಯ ಆದ, ಕನ್ನಡಿ ಪ್ರಶ್ನೆ ಕೇಳಿದ ಆ ಹೆಂಗಸೇ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮಾಮೂಲಿ ಕಾಲ್ ಮಾಡ್ತಾರೆ, ಮಗ ಕಾಲೇಜಲ್ಲಿರೋ ಹೊತ್ತಿಗೆ. ಆಂಟಿ ಹತ್ತಿರ ಬಟನ್ ಇರೋ ಒಂದು ಹಳೇ ಫೋನ್ ಇದೆ, ಅದಕ್ಕೆ. ಇಂಥ ಗುಂಪು ನಡೆಸೋರು ಈ ಎಪಿಸೋಡ್ ಕೇಳ್ತಿದ್ದರೆ ನನ್ನ ಒಂದು ಕೋರಿಕೆ. ನಿಮ್ಮ ಸೇರ್ಪಡೆ ಫಾರ್ಮ್‌ನಲ್ಲಿ ಹೆಸರು, ವಯಸ್ಸು, ಕ್ಯಾನ್ಸರ್ ಯಾವುದು, ಯಾವ ಹಂತ ಅಂತ ಹತ್ತು ಕಾಲಂ ಇರುತ್ತೆ. ಇನ್ನು ಮೂರು ಸೇರಿಸಿ. ಈ ಫೋನನ್ನ ಬೇರೆ ಯಾರಾದರೂ ನೋಡ್ತಾರಾ? ಯಾವ ಹೊತ್ತಿಗೆ ಕಾಲ್ ಮಾಡಬಹುದು? ಯಾವ ಭಾಷೆಯಲ್ಲಿ?

ಮುಂದಿನ ಎಪಿಸೋಡ್ ದೂರವಾಣಿನಗರದ ಬಗ್ಗೆ. ಐಟಿಐಯಲ್ಲಿ ಕೆಲಸ ಮಾಡಿದ ಅಪ್ಪ, ಅಮ್ಮ, ಅಜ್ಜಿ-ತಾತ ಯಾರಾದರೂ ನಿಮ್ಮ ಮನೇಲಿದ್ದರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.